ಶೆಡ್ಡಿನಲ್ಲಿ ನಿಂತ ಹಳೆ ಕಾರು, ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್

(ಸಂಚಿಕೆಯ ಬರಹ ರೂಪ)

 

ಈ ಸಂಚಿಕೆ ಹುಟ್ಟಿದ್ದು ಒಬ್ಬ ಕೇಳುಗರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ. ಅವರ ಅಪ್ಪನ ಕಾರು ಮಲೆನಾಡಿನ ಮನೆಯ ಶೆಡ್ಡಿನಲ್ಲಿದೆ. 1997ರ ಸಣ್ಣ ಕಾರು, ಕಾರ್ಬುರೇಟರ್ ಇರುವಂಥದ್ದು. ಅಪ್ಪ ತೀರಿಕೊಂಡ ಮೇಲೆ ಅದನ್ನು ಮಾರೋಕೆ ಮನಸ್ಸು ಬಂದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಬ್ಯಾಟರಿ ಹಾಕಿಸಿ, ಅಮ್ಮನನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ, ನೆಂಟರ ಮನೆಗೆ ಓಡಾಡಿಸ್ತಾರೆ. ಈ ಸಲ ಹೋಗಿ ಶೆಡ್ಡಿನ ಬಾಗಿಲು ತೆಗೆದರೆ ಗಪ್ಪನೆ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿ ನೋಡಿದರೆ ಪೆಟ್ರೋಲ್ ಪೈಪು ಬಿರುಕು ಬಿಟ್ಟು ಜಿನುಗುತ್ತಿತ್ತು. ಊರಿನ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರಂತೆ: "ಎಲ್ಲಾ ಎಥನಾಲ್ ಮಹಿಮೆ ಸಾರ್."

ಕೇಳುಗರ ಪ್ರಶ್ನೆಗಳು ಮೂರು. ಇದು ನಿಜವಾಗಲೂ ಎಥನಾಲ್‌ನಿಂದ ಆಗಿದ್ದಾ? ಇನ್ನು ಮೇಲೆ ಇದಕ್ಕೆ ಬಂಕಿನಲ್ಲಿ ಸಿಗೋ ಪೆಟ್ರೋಲ್ ಹಾಕಬಹುದಾ? ಇಲ್ಲಾ ಕಾರನ್ನೇ ಕೊಟ್ಟುಬಿಡಬೇಕಾ?

ನಮಗೆ ಗೊತ್ತು, ಇದು ಅವರೊಬ್ಬರ ಕಥೆ ಅಲ್ಲ. ನಮ್ಮ ಕೇಳುಗರಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಒಂದು ಕಾರೋ ಸ್ಕೂಟರೋ ಟಾರ್ಪಾಲಿನ್ ಹೊದ್ದುಕೊಂಡು ಕಾಯ್ತಾ ಇದೆ. ಫ್ಯಾಮಿಲಿ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರು "ಎಂಜಿನ್ ಸುಟ್ಟುಹೋಗುತ್ತೆ" ಅಂತ ವಿಡಿಯೋ ಹಾಕ್ತಾರೆ, ಇನ್ನೊಬ್ಬರು "ಏನೂ ಆಗಲ್ಲ, ಎಲ್ಲಾ ಸುಳ್ಳು ಸುದ್ದಿ" ಅಂತಾರೆ. ಎರಡೂ ಪೂರ್ತಿ ನಿಜ ಅಲ್ಲ. "ಎಥನಾಲ್ ಹಳೆ ಕಾರಿಗೆ ಏನು ಮಾಡುತ್ತೆ" ಅನ್ನೋದು ಒಂದೇ ಪ್ರಶ್ನೆಯ ಹಾಗೆ ಕಾಣುತ್ತೆ, ಆದರೆ ಅದರೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ: ಮೈಲೇಜ್, ಗಾಳಿ-ಪೆಟ್ರೋಲ್ ಹದ, ರಬ್ಬರು-ಲೋಹ, ಮತ್ತು ನೀರು. ಒಂದೊಂದಾಗಿ ಬಿಡಿಸೋಣ.

ಬಂಕಿಗೆ ಎಥನಾಲ್ ಬಂದ ಬಗೆ

ಎಥನಾಲ್ ಅಂದ್ರೆ ಆಲ್ಕೋಹಾಲ್. ಸಾರಾಯಿಯಲ್ಲಿ ಇರೋದೂ ಅದೇ. ಕಬ್ಬಿನ ಹಾಲು, ಸಕ್ಕರೆ ಕಾರ್ಖಾನೆಯ ಕಾಕಂಬಿ, ಮೆಕ್ಕೆಜೋಳ, ಅಕ್ಕಿ, ಇವುಗಳನ್ನು ಹುದುಗಿಸಿ, ಬಟ್ಟಿ ಇಳಿಸಿ ತೆಗೀತಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು, ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಬೆಳೆಯೋರಿಗೆ ಇದು ಪರಿಚಿತ ವಿಷಯವೇ. ಪೆಟ್ರೋಲ್‌ಗೆ ಆಲ್ಕೋಹಾಲ್ ಬೆರೆಸೋದು ಭಾರತಕ್ಕೂ ಹೊಸದಲ್ಲ. 1948ರಲ್ಲೇ ಇಂಡಿಯನ್ ಪವರ್ ಆಲ್ಕೋಹಾಲ್ ಆಕ್ಟ್ ಅಂತ ಒಂದು ಕಾನೂನು ಬಂದಿತ್ತು. ಈಗಿನ ಎಥನಾಲ್ ಮಿಶ್ರಣ ಕಾರ್ಯಕ್ರಮ ಶುರುವಾಗಿದ್ದು 2003ರಲ್ಲಿ, ಶೇ. 5ರ ಗುರಿಯಿಂದ. 2022ರ ಹೊತ್ತಿಗೆ ಶೇ. 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಬಿಡುಗಡೆ ಆಯಿತು. ಮೊದಲು 2030ಕ್ಕೆ ಅಂತ ಇಟ್ಟಿದ್ದ ಶೇ. 20ರ ಗುರಿಯನ್ನು ಐದು ವರ್ಷ ಮುಂದಕ್ಕೆ ಎಳೆದು, 2025ಕ್ಕೆಲ್ಲ ದೇಶದ ಹೆಚ್ಚಿನ ಬಂಕುಗಳಲ್ಲಿ ಇ20 ಮಾಮೂಲಿ ಪೆಟ್ರೋಲ್ ಆಗಿಬಿಟ್ಟಿತು.

"ಇ" ಮುಂದಿನ ಅಂಕಿ ಹೇಳೋದು ಇಷ್ಟೇ: ನೂರು ಲೀಟರಿನಲ್ಲಿ ಎಷ್ಟು ಲೀಟರ್ ಎಥನಾಲ್ ಅಂತ. ಇ10 ಅಂದ್ರೆ ಹತ್ತು, ಇ20 ಅಂದ್ರೆ ಇಪ್ಪತ್ತು.

ಕಾರುಗಳ ಕಡೆಯಿಂದ ನೋಡಿದರೆ ಎರಡು ದಿನಾಂಕ ನೆನಪಿಟ್ಟುಕೊಳ್ಳಿ. ಸರ್ಕಾರದ ಮಾರ್ಗಸೂಚಿಯ ಪ್ರಕಾರ 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್, ಲೋಹದ ಭಾಗಗಳು ಇ20 ತಡೆದುಕೊಳ್ಳಬೇಕು. 2025ರ ಏಪ್ರಿಲ್‌ನಿಂದ ಬಂದವುಗಳ ಎಂಜಿನ್ನನ್ನೂ ಇ20ಗೆ ಅಂತಲೇ ಹದ ಮಾಡಿರಬೇಕು. ಅದಕ್ಕಿಂತ ಹಿಂದಿನದ್ದೆಲ್ಲ ನಮ್ಮ ಇವತ್ತಿನ ಮಾತಿಗೆ "ಹಳೆ ಕಾರು".

ಮೊದಲನೆಯದು: ಮೈಲೇಜ್

ಇದು ಬರೀ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಬರುತ್ತೆ. ಒಂದು ಲೀಟರ್ ಎಥನಾಲ್ ಉರಿದರೆ ಸುಮಾರು 21. ಅಂದ್ರೆ ಮೂರರಲ್ಲಿ ಎರಡು ಪಾಲು. ಕಾರಣ ಸರಳ: ಎಥನಾಲ್ ಅಣುವಿನೊಳಗೆ ಆಗಲೇ ಒಂದು ಆಮ್ಲಜನಕ ಕೂತಿದೆ. ಅದರ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ. ಆಮ್ಲಜನಕ ಉರಿಯೋಕೆ ಸಹಾಯ ಮಾಡುತ್ತೆ, ತಾನು ಉರಿದು ಶಾಖ ಕೊಡಲ್ಲ. ಸ್ವಲ್ಪ ಸುಟ್ಟ ಸೌದೆಯನ್ನು ಒಲೆಗೆ ಹಾಕಿದ ಹಾಗೆ.

ಈಗ ಕೂಡಿ ನೋಡೋಣ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಹೋಲಿಸಿದರೆ ಇ10ರಲ್ಲಿ ಶಕ್ತಿ ಶೇ. 3ರಷ್ಟು ಕಡಿಮೆ, ಇ20ರಲ್ಲಿ ಶೇ. 7ರಷ್ಟು ಕಡಿಮೆ. ನೀತಿ ಆಯೋಗ 2021ರಲ್ಲಿ ಹೊರಡಿಸಿದ ಎಥನಾಲ್ ಮಾರ್ಗಸೂಚಿಯಲ್ಲೂ, ಎಥನಾಲ್‌ರಹಿತ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಿಗೆ ಇ20 ಹಾಕಿದರೆ ಇಂಧನ ಕ್ಷಮತೆ ಶೇ. 6ರಿಂದ 7 ಇಳಿಯುತ್ತೆ ಅಂತ ಬರೆದಿದ್ದಾರೆ. ದ್ವಿಚಕ್ರ ವಾಹನಗಳಿಗೆ ಶೇ. 3ರಿಂದ 4. ಇ10ಕ್ಕೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರುಗಳಿಗೆ ಶೇ. 1ರಿಂದ 2 ಮಾತ್ರ.

ದುಡ್ಡಿನ ಲೆಕ್ಕದಲ್ಲಿ ಹೇಳೋದಾದರೆ: ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಕಾರು 15 ಕಿ.ಮೀ. ಕೊಡುತ್ತೆ. ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ 50 ಲೀಟರ್ ಇದ್ದದ್ದು 53 ಚಿಲ್ಲರೆ ಲೀಟರ್ ಆಗುತ್ತೆ. ಲೀಟರಿಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೂ ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ ಹೆಚ್ಚು. ಇದು ಸುಳ್ಳು ಸುದ್ದಿ ಅಲ್ಲ, ಜೇಬಿನಿಂದ ಹೋಗೋ ನಿಜವಾದ ದುಡ್ಡು. ಶಕ್ತಿ ಕಡಿಮೆ ಇರೋ ಪೆಟ್ರೋಲ್‌ಗೆ ಬೆಲೆ ಯಾಕೆ ಕಡಿಮೆ ಇಲ್ಲ ಅಂತ ಜನ ಕೇಳೋದು ನ್ಯಾಯವಾದ ಪ್ರಶ್ನೆಯೇ.

ಆದರೆ ಇನ್ನೊಂದು ಮಾತು. ನಿಮ್ಮ ಕಾರು 2022ರಿಂದಲೇ ಇ10 ಕುಡೀತಾ ಇತ್ತು. ಹಾಗಾಗಿ ಇ10ರಿಂದ ಇ20ಗೆ ಬಂದಾಗ ಕಳೆದುಕೊಂಡ ಶಕ್ತಿ ಶೇ. 3ರಿಂದ 4 ಅಷ್ಟೇ. ಯಾರಾದರೂ "ಮೈಲೇಜ್ ಶೇ. 20 ಬಿದ್ದೋಯ್ತು" ಅಂದರೆ ಅವರ ಅನುಭವ ಸುಳ್ಳು ಅಂತ ನಾವು ಹೇಳಲ್ಲ. ಅಷ್ಟು ದೊಡ್ಡ ಇಳಿಕೆಯನ್ನು ಎಥನಾಲ್‌ನ ಶಕ್ತಿಯ ಲೆಕ್ಕ ಒಂದೇ ವಿವರಿಸಲ್ಲ, ಇನ್ನೇನೋ ಕೆಟ್ಟಿದೆ ಅಂತ ಹೇಳ್ತೀವಿ. ಟೈರಿನ ಗಾಳಿ, ಕಟ್ಟಿಕೊಂಡ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಮುದಿಯಾದ ಆಮ್ಲಜನಕ ಸೆನ್ಸರ್, ಇವನ್ನೆಲ್ಲ ನೋಡಿಸಬೇಕು. ಎಲ್ಲಾ ಎಥನಾಲ್ ಮೇಲೆ ಹಾಕಿಬಿಟ್ಟರೆ ನಿಜವಾದ ರೋಗ ಹಾಗೇ ಉಳಿದುಬಿಡುತ್ತೆ.

ಎರಡನೆಯದು: ಗಾಳಿ-ಪೆಟ್ರೋಲ್ ಹದ

ಎಂಜಿನ್ ಉರಿಸೋದು ಬರೀ ಪೆಟ್ರೋಲ್ ಅಲ್ಲ, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು, ಯಾಕೆಂದರೆ ಆಮ್ಲಜನಕದ ಬುತ್ತಿ ಅದು ಜೊತೆಗೇ ತಂದಿರುತ್ತೆ. ಇ20ಗೆ ಲೆಕ್ಕ ಹಾಕಿದರೆ 13.5ರ ಆಸುಪಾಸು. ತಿರುಗಿಸಿ ಹೇಳೋದಾದರೆ, ಅಷ್ಟೇ ಗಾಳಿಗೆ ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಬಿಡಬೇಕು. ಬಿಡದೆ ಹೋದರೆ ಮಿಶ್ರಣ ತೆಳುವಾಗುತ್ತೆ. ಮೆಕ್ಯಾನಿಕ್‌ಗಳ ಬಾಯಲ್ಲಿ "ಲೀನ್".

ಇಲ್ಲೇ ಹಳೆ ಕಾರುಗಳು ಎರಡು ಜಾತಿ ಆಗ್ತವೆ.

ಒಂದು, ಇಂಜೆಕ್ಷನ್ ಇರುವ ಕಾರುಗಳು. ನಾವು ಎಂಪಿಎಫ್‌ಐ ಅಂತ ಕರೀತಿದ್ವಲ್ಲ, ಅವು. 2000ದಿಂದ ಈಚೆಗೆ ಬಂದ ಹೆಚ್ಚಿನ ಪೆಟ್ರೋಲ್ ಕಾರುಗಳು ಈ ಜಾತಿ. ಇವುಗಳ ಹೊಗೆ ಕೊಳವೆಯಲ್ಲಿ ಒಂದು ಆಮ್ಲಜನಕ ಸೆನ್ಸರ್ ಇರುತ್ತೆ. ಅದು ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡಿ ಕಂಪ್ಯೂಟರ್‌ಗೆ ಹೇಳುತ್ತೆ. ಹೆಚ್ಚು ಉಳಿದಿದ್ದರೆ ಕಂಪ್ಯೂಟರ್ ಇನ್ನೊಂದು ಚೂರು ಪೆಟ್ರೋಲ್ ಬಿಡುತ್ತೆ. ಅನುಭವಸ್ಥ ಅಡುಗೆಯವರು ಸಾರಿನ ರುಚಿ ನೋಡಿ ಉಪ್ಪು ಹಾಕಿದ ಹಾಗೆ. ಈ ಹೊಂದಾಣಿಕೆಗೆ ಸಾಮಾನ್ಯವಾಗಿ ಶೇ. 20ರ ಆಸುಪಾಸಿನವರೆಗೆ ಅವಕಾಶ ಇರುತ್ತೆ. ನಮಗೆ ಬೇಕಾಗಿರೋದು ಶೇ. 9. ಹಾಗಾಗಿ ಸೆನ್ಸರ್ ಚೆನ್ನಾಗಿದ್ದರೆ ದಿನದ ಓಡಾಟದಲ್ಲಿ ಈ ಕಾರುಗಳು ಹದ ತಪ್ಪಲ್ಲ. ಸೆನ್ಸರ್ ಮುದಿಯಾಗಿದ್ದರೆ, ಇಲ್ಲಾ ಪೆಟ್ರೋಲ್ ಪಂಪಿಗೆ ಶಕ್ತಿ ಕಮ್ಮಿಯಾಗಿದ್ದರೆ, ಎಂಜಿನ್ ದೀಪ ಹತ್ತಿಕೊಳ್ಳಬಹುದು. ಸ್ಕ್ಯಾನರ್ ಹಾಕಿದಾಗ ಪಿ0171 ಅಂತ ಬಂದರೆ ಅದರ ಅರ್ಥ "ಮಿಶ್ರಣ ತೀರಾ ತೆಳು" ಅಂತ. ದೀಪ ಆರಿಸಿ ಕಳಿಸಿದರೆ ಸಾಲದು, ಕಾರಣ ಹುಡುಕಿಸಬೇಕು.

ಎರಡನೇ ಜಾತಿ ಕಾರ್ಬುರೇಟರ್ ಕಾರುಗಳು. ನಮ್ಮ ಕೇಳುಗರ ಕಾರು ಇದೇ. ಕಾರ್ಬುರೇಟರ್‌ಗೆ ರುಚಿ ನೋಡೋಕೆ ನಾಲಿಗೆ ಇಲ್ಲ, ಕೈಯಲ್ಲಿ ಒಂದೇ ಅಳತೆಯ ಸೌಟು. ಜೆಟ್ ಅಂತ ಕರೆಯೋ ಹಿತ್ತಾಳೆಯ ಸಣ್ಣ ತೂತಿನಲ್ಲಿ ಎಷ್ಟು ಇಂಧನ ಹೋಗುತ್ತೋ ಅಷ್ಟೇ. ಇ20 ಹಾಕಿದರೆ ಮಿಶ್ರಣ ತೆಳುವಾಗಿಯೇ ಓಡುತ್ತೆ. ಲಕ್ಷಣಗಳು ಏನು? ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಹಟ ಮಾಡುತ್ತೆ, ಚೋಕ್ ಹೆಚ್ಚು ಹೊತ್ತು ಎಳೆದಿರಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಮಾಡುತ್ತೆ. ಘಾಟಿ ಹತ್ತುವಾಗ ದಮ್ಮು ಕಮ್ಮಿ. ಹೊಸ ಪೆಟ್ರೋಲ್‌ನಲ್ಲಿ ಆಕ್ಟೇನ್ ಹೆಚ್ಚು ಅಂತ ಹೇಳೋದು ನಿಜ. ಆದರೆ ಅದು ಉಪಯೋಗಕ್ಕೆ ಬರೋದು ಒತ್ತಡ ಹೆಚ್ಚಿರುವ ಹೊಸ ಎಂಜಿನ್‌ಗಳಿಗೆ. ಹಳೆ ಕಾಲದ ಕಡಿಮೆ ಕಂಪ್ರೆಷನ್ ಎಂಜಿನ್‌ಗೆ ಅದರಿಂದ ದೊಡ್ಡ ಲಾಭ ಇಲ್ಲ.

ಪರಿಹಾರ ಕೂಡ ಹಳೆ ಕಾಲದ್ದೇ. ಕಾರ್ಬುರೇಟರ್ ಬಲ್ಲ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೊಳೆದು, ಒಂದು ಅಳತೆ ದೊಡ್ಡ ಜೆಟ್ ಹಾಕಿ, ಐಡ್ಲಿಂಗ್ ಸ್ಕ್ರೂ ತಿರುಗಿಸಿ ಹದ ಮಾಡಿದರೆ ಕಾರು ಮತ್ತೆ ಸರಿಯಾಗಿ ಉಸಿರಾಡುತ್ತೆ. ಅಂಥ ಕೈಗಳು ಊರಲ್ಲಿ ಕಮ್ಮಿ ಆಗ್ತಾ ಇವೆ ಅನ್ನೋದು ಬೇರೆ ಚಿಂತೆ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಬೇಸಿಗೆಯಲ್ಲಿ ಅಂಬಾಸಿಡರ್, ಪದ್ಮಿನಿ ಕಾರುಗಳು ದಾರಿಯಲ್ಲಿ ನಿಂತುಬಿಡೋದು, ಡ್ರೈವರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕೋದು ಕೆಲವರಿಗೆ ನೆನಪಿರಬಹುದು. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿಕೊಳ್ಳೋದು ಅದಕ್ಕೆ ಕಾರಣ. ಎಥನಾಲ್ ಒಂದೇ ಇದ್ದರೆ ಅದು ಪೆಟ್ರೋಲ್‌ಗಿಂತ ನಿಧಾನವಾಗಿ ಆವಿಯಾಗುತ್ತೆ. ಆದರೆ ಸ್ವಲ್ಪ ಎಥನಾಲ್ ಬೆರೆತ ಪೆಟ್ರೋಲ್ ಎರಡಕ್ಕಿಂತಲೂ ಹೆಚ್ಚು ಹಗುರಾಗಿ ಆವಿಯಾಗುತ್ತೆ! ಹಾಗಾಗಿ ಎಂಜಿನ್ ಪಕ್ಕದಲ್ಲೇ ಪಂಪು ಇರುವ ಹಳೆ ಕಾರುಗಳಿಗೆ ಈ ಕಾಟ ಮರಳಿ ಬರಬಹುದು. ಪೈಪನ್ನು ಬಿಸಿ ಭಾಗಗಳಿಂದ ದೂರ ಹಾಯಿಸಿ ಕಟ್ಟೋದು ಒಳ್ಳೇದು.

ಮೂರನೆಯದು: ರಬ್ಬರು ಮತ್ತು ಲೋಹ

ಈಗ ಕೇಳುಗರ ಬಿರುಕು ಬಿಟ್ಟ ಪೈಪಿಗೆ ಬರೋಣ. ನಾವು ನಿಜವಾಗಿ ಗಮನ ಕೊಡಬೇಕಾದ ಜಾಗ ಇದು.

ಕಡಲೆ ನೀರಲ್ಲಿ ನೆಂದರೆ ಊದುತ್ತೆ, ಎಣ್ಣೆಯಲ್ಲಿ ಹಾಕಿದರೆ ಊದಲ್ಲ. ಯಾವ ವಸ್ತು ಯಾವ ದ್ರವವನ್ನು ಒಳಗೆ ಬಿಟ್ಟುಕೊಳ್ಳುತ್ತೆ ಅನ್ನೋದು ಎರಡರ ಅಣುಗಳ ಸ್ವಭಾವ ಎಷ್ಟು ಹೊಂದುತ್ತೆ ಅನ್ನೋದರ ಮೇಲೆ ಇದೆ. ಹಳೆ ಕಾರುಗಳ ಪೈಪು, ವಾಷರ್, ಪಂಪಿನ ಡಯಾಫ್ರಮ್‌ಗಳಿಗೆ ಹೆಚ್ಚಾಗಿ ಬಳಸಿದ್ದು ನೈಟ್ರೈಲ್ ರಬ್ಬರು. ಪೆಟ್ರೋಲ್‌ನ ಎದುರು ಅದು ಗಟ್ಟಿ. ಆದರೆ ಎಥನಾಲ್ ಅಣುವಿಗೆ ಎರಡು ಮುಖ, ಒಂದು ತುದಿ ಎಣ್ಣೆಯ ಸ್ವಭಾವದ್ದು, ಇನ್ನೊಂದು ನೀರಿನ ಸ್ವಭಾವದ್ದು. ಅದು ರಬ್ಬರಿನ ಸಂದಿಗಳಿಗೆ ನುಗ್ಗುತ್ತೆ, ತನ್ನ ಜೊತೆ ಪೆಟ್ರೋಲನ್ನೂ ಕರೆದುಕೊಂಡು ಹೋಗುತ್ತೆ. ಸೋಜಿಗ ಅಂದ್ರೆ ಕೆಲವು ರಬ್ಬರುಗಳು ಶುದ್ಧ ಪೆಟ್ರೋಲ್‌ನಲ್ಲಿ ಊದುವುದಕ್ಕಿಂತ, ಶುದ್ಧ ಎಥನಾಲ್‌ನಲ್ಲಿ ಊದುವುದಕ್ಕಿಂತ, ಎರಡೂ ಬೆರೆತ ಶೇ. 10ರಿಂದ 25ರ ಮಿಶ್ರಣದಲ್ಲಿ ಹೆಚ್ಚು ಊದುತ್ತವೆ. ನಮ್ಮ ಬಂಕಿನ ಪೆಟ್ರೋಲ್ ಸರಿಯಾಗಿ ಆ ಸಾಲಿನಲ್ಲೇ ಇದೆ.

ಊದಿದರೆ ಏನು ತೊಂದರೆ? ರಬ್ಬರನ್ನು ಮೆತ್ತಗೆ ಇಡೋಕೆ ಅದರೊಳಗೆ ಕೆಲವು ಎಣ್ಣೆಯಂಥ ಪದಾರ್ಥ ಸೇರಿಸಿರ್ತಾರೆ. ಒಳಗೆ ಹೋದ ಇಂಧನ ಅದನ್ನು ಕರಗಿಸಿ ಹೊರಗೆ ತರುತ್ತೆ. ಕಾರು ದಿನಾ ಓಡುತ್ತಿದ್ದರೆ ರಬ್ಬರು ಒದ್ದೆಯಾಗೇ ಇರುತ್ತೆ, ಊದಿಕೊಂಡೇ ಕೆಲಸ ನಡೆಸುತ್ತೆ. ಆದರೆ ಕಾರು ತಿಂಗಳುಗಟ್ಟಲೆ ನಿಂತು ಪೈಪು ಒಣಗಿತು ಅಂದ್ರೆ, ಮೆತ್ತಗಿಡುವ ಪದಾರ್ಥ ಆಗಲೇ ಹೋಗಿದೆ, ರಬ್ಬರು ಮುದುಡುತ್ತೆ, ಗಡುಸಾಗುತ್ತೆ, ಬಗ್ಗಿಸಿದ ಕಡೆ ಬಿರುಕು ಬಿಡುತ್ತೆ. ಮತ್ತೆ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದ ದಿನ ಅಲ್ಲಿಂದ ಜಿನುಗುತ್ತೆ. ಕೆಳಗಡೆ ಬಿಸಿ ಎಂಜಿನ್, ಪಕ್ಕದಲ್ಲಿ ಕಿಡಿ ಹಾರಿಸುವ ಡಿಸ್ಟ್ರಿಬ್ಯೂಟರ್. ಇದನ್ನು ಹಗುರಾಗಿ ತಗೋಬಾರದು. ಮೈಲೇಜ್ ಕಮ್ಮಿ ಆದರೆ ದುಡ್ಡು ಹೋಗುತ್ತೆ, ಪೈಪು ಸೋರಿದರೆ ಕಾರಿಗೇ ಬೆಂಕಿ ಬೀಳಬಹುದು.

ಇನ್ನೂ ಹಳೇ ಕಾರುಗಳಲ್ಲಿ ಕಾರ್ಕ್‌ನ ತೇಲು ಬಿಲ್ಲೆಗಳಿಗೆ, ಗ್ಯಾಸ್ಕೆಟ್‌ಗಳಿಗೆ ಅರಗು ಸವರಿರೋದು ಉಂಟು. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡ್ತಾರಲ್ಲ, ಆ ಸ್ಪಿರಿಟ್ ಕೂಡ ಆಲ್ಕೋಹಾಲೇ. ಪೆಟ್ರೋಲ್‌ಗೆ ಬಗ್ಗದ ಅರಗು ಎಥನಾಲ್‌ಗೆ ಕರಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಲೋಹದ ಕಥೆ ಬೇರೆ. ಪೆಟ್ರೋಲ್ ವಿದ್ಯುತ್ತನ್ನು ಹಾಯಿಸಲ್ಲ. ಎಥನಾಲ್ ಬೆರೆತರೆ, ಅದರಲ್ಲೂ ಚೂರು ನೀರು ಸೇರಿದರೆ, ಸ್ವಲ್ಪ ಹಾಯಿಸುತ್ತೆ. ಕಾರ್ಬುರೇಟರ್‌ನಲ್ಲಿ ಸತುವಿನ ಮಿಶ್ರಲೋಹದ ಮೈ, ಹಿತ್ತಾಳೆಯ ಜೆಟ್, ಅಲ್ಯೂಮಿನಿಯಂ ಭಾಗ, ಎಲ್ಲಾ ಅಕ್ಕಪಕ್ಕ ಕೂತಿರ್ತವೆ. ಬೇರೆ ಬೇರೆ ಲೋಹಗಳ ನಡುವೆ ವಿದ್ಯುತ್ ಹಾಯಿಸುವ ದ್ರವ ಬಂದರೆ ಅದೊಂದು ಬ್ಯಾಟರಿ ಆಯಿತು, ಒಂದು ಲೋಹ ನಿಧಾನವಾಗಿ ತಿನ್ನಿಸಿಕೊಳ್ಳುತ್ತೆ. ನಿಂತ ಗಾಡಿಯ ಕಾರ್ಬುರೇಟರ್ ಬಿಚ್ಚಿದಾಗ ತಳದಲ್ಲಿ ಬಿಳಿ ಪುಡಿ ಕಾಣುತ್ತಲ್ಲ, ಅದು ಹೀಗೆ ಸವೆದ ಲೋಹದ ತುಕ್ಕು. ಆ ಪುಡಿ ಹೋಗಿ ಜೆಟ್‌ನ ತೂತು ಮುಚ್ಚುತ್ತೆ.

ಜೊತೆಗೆ ಎಥನಾಲ್ ಒಳ್ಳೇ ತೊಳೆಯುವ ದ್ರವ. ಇಪ್ಪತ್ತು ವರ್ಷದಿಂದ ಟ್ಯಾಂಕಿನ ಒಳಗೆ ಕೂತಿದ್ದ ಜಿಗುಟನ್ನು ಸಡಿಲ ಮಾಡಿ ಫಿಲ್ಟರ್‌ಗೆ ತಂದು ಹಾಕುತ್ತೆ. ಅದಕ್ಕೇ ಹಳೆ ಕಾರಿಗೆ ಮೊದಲ ಕೆಲವು ಟ್ಯಾಂಕ್ ಇ20 ಹಾಕಿದ ಮೇಲೆ ಪೆಟ್ರೋಲ್ ಫಿಲ್ಟರ್ ಬದಲಾಯಿಸೋದು ಜಾಣತನ.

ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ಸ್ಪಷ್ಟನೆಯಲ್ಲೂ, ಕೆಲವು ಹಳೆ ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಾಗಲ್ಲ ಅಂತ ಹೇಳಿದೆ. ಮಾತು ಸರಿ. ಆದರೆ ನಮ್ಮ ಕೇಳುಗರ ಕಾರು ವರ್ಷಕ್ಕೆ 300 ಕಿ.ಮೀ. ಕೂಡ ಓಡಲ್ಲ. ಕಿಲೋಮೀಟರ್ ಲೆಕ್ಕ ಹಿಡಿದರೆ ಅವರ ಸರದಿ ಬರೋದೇ ಇಲ್ಲ. ಇಂಥ ಕಾರುಗಳಿಗೆ ಮೀಟರ್ ಬದಲು ಕ್ಯಾಲೆಂಡರ್ ನೋಡಬೇಕು.

ನಾಲ್ಕನೆಯದು: ನೀರು

ಎಥನಾಲ್‌ಗೆ ಪೆಟ್ರೋಲ್ ಜೊತೆ ಸ್ನೇಹ, ನೀರಿನ ಜೊತೆ ನೆಂಟಸ್ತಿಕೆ. ಎರಡೂ ಎದುರಿಗೆ ಬಂದರೆ ಅದು ನೀರಿನ ಕಡೆಗೇ ವಾಲುತ್ತೆ.

ಇದನ್ನು ತೋರಿಸೋಕೆ ಒಂದು ಹಳೆ ಪರೀಕ್ಷೆ ಇದೆ. ಅಳತೆ ಗುರುತಿರುವ ಗಾಜಿನ ಕೊಳವೆಯಲ್ಲಿ 100 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಅಲುಗಾಡಿಸಿ ಬಿಡ್ತಾರೆ. ಬರೀ ಪೆಟ್ರೋಲ್ ಆಗಿದ್ದರೆ ತಳದಲ್ಲಿ ಅದೇ 10 ಮಿ.ಲೀ. ನೀರು ನಿಲ್ಲುತ್ತೆ. ಇ20 ಆಗಿದ್ದರೆ ತಳದ ಪದರ 30 ಮಿ.ಲೀ. ಹತ್ತಿರ ಬರುತ್ತೆ. ಎಥನಾಲ್ ಎಲ್ಲಾ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಇಳಿದುಬಿಟ್ಟಿದೆ. ದಯವಿಟ್ಟು ಇದನ್ನು ಮನೆಯೊಳಗೆ ಮಾಡಬೇಡಿ, ಪೆಟ್ರೋಲ್ ಆವಿ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತೆ.

ಟ್ಯಾಂಕಿನೊಳಗೂ ಇದೇ ಆಗಬಹುದು. ಎಥನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ಕರಗಿಸಿಕೊಂಡು ಸುಮ್ಮನಿರುತ್ತೆ. ಇ10 ಆದರೆ 15 ಡಿಗ್ರಿ ಉಷ್ಣಾಂಶದಲ್ಲಿ ಶೇ. 0.5ರಷ್ಟು, ಅಂದ್ರೆ 30 ಲೀಟರ್ ಟ್ಯಾಂಕಿನಲ್ಲಿ ಒಂದು ಕಾಫಿ ಲೋಟದಷ್ಟು. ಇ20 ಇನ್ನೂ ಹೆಚ್ಚು ತಡೆಯುತ್ತೆ. ಆ ಮಿತಿ ದಾಟಿದರೆ, ಇಲ್ಲಾ ರಾತ್ರಿ ಚಳಿಗೆ ಆ ಮಿತಿಯೇ ಇಳಿದರೆ, ನೀರು ಮತ್ತು ಎಥನಾಲ್ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಪಂಪು ಹೀರೋದು ತಳದಿಂದಲೇ. ಎಂಜಿನ್‌ಗೆ ಪೆಟ್ರೋಲ್ ಬದಲು ನೀರು ಬೆರೆತ ಆಲ್ಕೋಹಾಲ್ ಸಿಗುತ್ತೆ. ಕಾರು ಕೆಮ್ಮಿ ನಿಲ್ಲುತ್ತೆ, ತಗಡಿನ ಟ್ಯಾಂಕು ತಳದಿಂದ ತುಕ್ಕು ಹಿಡಿಯುತ್ತೆ.

ಕಾರ್ಖಾನೆಯಲ್ಲಿ ಎಥನಾಲ್‌ನಿಂದ ಕೊನೆಯ ಹನಿ ನೀರು ತೆಗೆಯೋಕೆ ಎಷ್ಟು ಕಷ್ಟ ಪಡ್ತಾರೆ ಗೊತ್ತಾ? ಬರೀ ಬಟ್ಟಿ ಇಳಿಸಿದರೆ ಶೇ. 96ರ ಆಚೆ ಹೋಗೋಕೆ ಆಗಲ್ಲ. ಕೊನೆಗೆ ನೀರಿನ ಅಣು ಮಾತ್ರ ಹಿಡಿಯುವಷ್ಟು ಸಣ್ಣ ತೂತುಗಳಿರುವ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ ಒಣಗಿಸ್ತಾರೆ. ಅಷ್ಟು ಕಷ್ಟಪಟ್ಟು ತೆಗೆದ ನೀರನ್ನು ನಾವು ಟ್ಯಾಂಕಿನ ಸಡಿಲ ಮುಚ್ಚಳದಿಂದ ವಾಪಸ್ ಬಿಟ್ಟುಕೊಳ್ತೀವಿ.

ಇಲ್ಲಿ ಭಯ ಹುಟ್ಟಿಸೋ ವಿಡಿಯೋಗಳಿಗೆ ಒಂದು ಉತ್ತರ. ಗಾಳಿಯ ತೇವ ಒಂದರಿಂದಲೇ ಟ್ಯಾಂಕ್ ಹಾಳಾಗೋಕೆ ಬಹಳ ತಿಂಗಳು ಬೇಕು. ದಿನಾ ಓಡುವ ಕಾರಿಗೆ ಆ ಚಿಂತೆ ಇಲ್ಲ, ವಾರಕ್ಕೊಮ್ಮೆ ಪೆಟ್ರೋಲ್ ಬದಲಾಗ್ತಾನೇ ಇರುತ್ತೆ. ಮುಚ್ಚಳದ ಹರಿದ ರಬ್ಬರ್ ಉಂಗುರದಿಂದ ಒಳಗೆ ಇಳಿಯುವ ಮಳೆ ನೀರು ನಿಜವಾದ ಕಳ್ಳ. ಮಲೆನಾಡಿನ ಮಳೆಗಾಲದಲ್ಲಿ ಆರು ತಿಂಗಳು ನಿಂತ ಕಾರಿಗೆ ಎರಡೂ ಸೇರುತ್ತೆ.

ಬೇರೆ ದೇಶಗಳಲ್ಲಿ

ನಾವಿರುವ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಮಾಮೂಲಿ ಪೆಟ್ರೋಲ್ ಇ10 ಆಯಿತು. ಆದರೆ ಹಳೆ ಕಾರಿನವರಿಗೆ ಅಂತ ದುಬಾರಿ ಸೂಪರ್ ಪೆಟ್ರೋಲನ್ನು ಇ5ರಲ್ಲೇ ಉಳಿಸಿದರು, ಪಂಪಿನ ಮೇಲೆ ಉರುಟಾದ ಚೀಟಿ ಅಂಟಿಸಿದರು. ಜರ್ಮನಿಯಲ್ಲಿ 2011ರಲ್ಲಿ ಇ10 ಬಂದಾಗ ಜನ ಹೆದರಿ ಬಂಕಿನಲ್ಲಿ ಅದನ್ನು ಮುಟ್ಟಲೇ ಇಲ್ಲ. ಇವತ್ತಿಗೂ ಅಲ್ಲಿ ಎರಡೂ ಸಿಗುತ್ತೆ. ಅಮೆರಿಕದಲ್ಲಿ ಹೆಚ್ಚು ಕಡಿಮೆ ಎಲ್ಲಾ ಪೆಟ್ರೋಲೂ ಇ10. ಇ15ಕ್ಕೆ ಅಲ್ಲಿನ ಪರಿಸರ ಸಂಸ್ಥೆ ಒಪ್ಪಿಗೆ ಕೊಟ್ಟಿರೋದು 2001 ಮತ್ತು ಅದರ ನಂತರದ ಮಾದರಿಯ ಕಾರುಗಳಿಗೆ ಮಾತ್ರ. ಬೈಕ್, ದೋಣಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅದನ್ನು ಹಾಕುವ ಹಾಗಿಲ್ಲ.

ಬ್ರೆಜಿಲ್ 2025ರ ಆಗಸ್ಟ್‌ನಿಂದ ಇ30 ಬಳಸ್ತಾ ಇದೆ, ಅಲ್ಲಿ ಏನೂ ಆಗಿಲ್ವಲ್ಲ ಅಂತ ಬಹಳ ಜನ ಕೇಳ್ತಾರೆ. ನಿಜ. ಆದರೆ ಬ್ರೆಜಿಲ್ ಈ ದಾರಿ ಹಿಡಿದದ್ದು 1975ರಲ್ಲಿ. ಅಲ್ಲಿ ಕಾರು ತಯಾರಾಗುವಾಗಲೇ ಅದಕ್ಕೆ ಒಗ್ಗುವ ರಬ್ಬರು, ಲೋಹ ಹಾಕ್ತಾ ಬಂದಿದ್ದಾರೆ. ಅಲ್ಲಿನ ಹಳೆ ಕಾರು ಬೇರೆ, ಹಾಸನದ ಹಳೆ ಕಾರು ಬೇರೆ.

ಭಾರತದಲ್ಲಿ ಹಳೆ ಗಾಡಿಗಳಿಗೆ ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವಂತೆ ಮಾಡಬೇಕು ಅನ್ನೋ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಹಾಗಾಗಿ ಸದ್ಯಕ್ಕೆ ಪೆಟ್ರೋಲ್ ಕಾರಿಗೆ ಹೊಂದಿಕೊಳ್ಳಲ್ಲ, ಕಾರೇ ಪೆಟ್ರೋಲ್‌ಗೆ ಹೊಂದಿಕೊಳ್ಳಬೇಕು.

ಹಾಗಾದರೆ ಏನು ಮಾಡೋಣ?

ದಿನಾ ಓಡುವ ಇಂಜೆಕ್ಷನ್ ಕಾರು ನಿಮ್ಮದಾದರೆ ಹೆದರಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಅದನ್ನು ತಪ್ಪಿಸೋಕೆ ಆಗಲ್ಲ. ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪು, ವಾಷರ್, ಫಿಲ್ಟರ್ ನೋಡಿ ಅಂತ ಬಾಯಿಬಿಟ್ಟು ಹೇಳಿ.

ಕಾರ್ಬುರೇಟರ್ ಕಾರಾದರೆ ಪೈಪುಗಳನ್ನೆಲ್ಲ ಒಂದೇ ಸಲ ಬದಲಾಯಿಸಿ, ಸೋರಿದ ಒಂದನ್ನು ಮಾತ್ರ ಅಲ್ಲ. ಎಥನಾಲ್‌ಗೆ ಒಗ್ಗುವ ಪೈಪು ಕೇಳಿ ತಗೊಳ್ಳಿ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿದ್ದರೆ ಒಳ್ಳೇದು, ಅದರ ಒಳಪದರ ವಿಟಾನ್ ಜಾತಿಯ ರಬ್ಬರು. ಇಂಜೆಕ್ಷನ್ ಕಾರಿಗಂತೂ ಹೆಚ್ಚು ಒತ್ತಡ ತಡೆಯುವ ಇಂಥ ಪೈಪೇ ಬೇಕು, ಸಿಕ್ಕಿದ್ದನ್ನು ಹಾಕಿಸಬೇಡಿ. ಹಳೆ ಕ್ಲಿಪ್ಪುಗಳನ್ನೂ ಬದಲಾಯಿಸಿ. ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್, ಟ್ಯಾಂಕ್ ಮುಚ್ಚಳದ ರಬ್ಬರ್ ಉಂಗುರ, ಇವೂ ಅದೇ ಪಟ್ಟಿಯಲ್ಲಿ ಇರಲಿ.

ನಿಂತೇ ಇರುವ ಕಾರಿಗೆ ಎರಡು ದಾರಿ. ಮನೆಯಲ್ಲಿ ಓಡಿಸುವವರು ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಸಾಲದು. ಓಡಿಸುವವರು ಇಲ್ಲ ಅಂದ್ರೆ, ನೀವು ವಿಮಾನ ಹತ್ತುವ ಮೊದಲು ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಸಿ. ಅರ್ಧ ಟ್ಯಾಂಕ್ ಇಟ್ಟು ಹೋಗೋದು ಎಲ್ಲಕ್ಕಿಂತ ಕೆಟ್ಟದ್ದು, ತೇವದ ಗಾಳಿಗೂ ಜಾಗ, ಹಳಸುವ ಪೆಟ್ರೋಲ್‌ಗೂ ಜಾಗ. ಖಾಲಿ ಮಾಡಿದರೆ ರಬ್ಬರು ಒಣಗುತ್ತಲ್ಲ ಅಂತ ನೀವು ಕೇಳಬಹುದು. ಒಣಗುತ್ತೆ. ಅದಕ್ಕೇ ಮುಂದಿನ ಸಲ ಬಂದಾಗ ಹೊಸ ಪೆಟ್ರೋಲ್ ಎರಡೇ ಲೀಟರ್ ಹಾಕಿ, ಬಾನೆಟ್ ತೆಗೆದಿಟ್ಟು, ಬಯಲಲ್ಲಿ, ಎಲ್ಲೂ ಜಿನುಗ್ತಾ ಇಲ್ಲ ಅಂತ ನೋಡಿ ಆಮೇಲೆ ಸ್ಟಾರ್ಟ್ ಮಾಡಿ. ಪೆಟ್ರೋಲ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬ್ಯಾಟರಿ ತಂತಿಯನ್ನೂ ಆಗ ಎಳೆಯೋಕೆ ಹೋಗಬೇಡಿ, ಅಲ್ಲೂ ಕಿಡಿ ಬರುತ್ತೆ. ಮೊದಲು ಬಾಗಿಲು ತೆರೆದು ಗಾಳಿ ಆಡೋಕೆ ಬಿಡಿ.

ಈಗ ಕೇಳುಗರ ಮೂರು ಪ್ರಶ್ನೆಗೆ ಉತ್ತರ. ಪೈಪು ಒಡೆದದ್ದು ಎಥನಾಲ್‌ನಿಂದಲಾ? ಅರ್ಧ ಮಾತ್ರ. ಇಪ್ಪತ್ತೈದು ವರ್ಷ ದಾಟಿದ ರಬ್ಬರು ಯಾವ ಪೆಟ್ರೋಲ್‌ನಲ್ಲೂ ಹೆಚ್ಚು ದಿನ ಬಾಳುತ್ತಿರಲಿಲ್ಲ. ಎಥನಾಲ್ ಅದನ್ನು ಬೇಗ ಮಾಡಿತು, ಕಾರು ನಿಂತಿದ್ದು ಇನ್ನೂ ಬೇಗ ಮಾಡಿತು. ಇ20 ಹಾಕಬಹುದಾ? ಮೇಲೆ ಹೇಳಿದ ರಬ್ಬರ್ ಕೆಲಸ ಮುಗಿಸಿ, ಕಾರ್ಬುರೇಟರ್ ಹದ ಮಾಡಿಸಿ ಹಾಕಿ. ಅದಕ್ಕೆ ಮೊದಲು ಬೇಡ. ಕಾರು ಮಾರಬೇಕಾ? ಅದಕ್ಕೆ ರಸಾಯನ ಶಾಸ್ತ್ರದಲ್ಲಿ ಉತ್ತರ ಇಲ್ಲ. ಆದರೆ ಇಟ್ಟುಕೊಳ್ಳೋದಾದರೆ, ವರ್ಷಕ್ಕೊಮ್ಮೆ ನೋಡಿ ಬರುವ ನೆನಪಿನ ವಸ್ತು ಅಂತ ಇಟ್ಟುಕೊಳ್ಳಬೇಡಿ. ಓಡುವ ಕಾರು ಅಂತ ಇಟ್ಟುಕೊಳ್ಳಿ, ಊರಲ್ಲಿ ಒಬ್ಬರ ಕೈಗೆ ಕೀ ಕೊಟ್ಟು ಬನ್ನಿ.

ನಿಮ್ಮ ಮನೆಯ ಶೆಡ್ಡಿನಲ್ಲೂ ಇಂಥದ್ದೊಂದು ಕಾರು ಇದ್ದರೆ, ಇವತ್ತೇ ಊರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ?"